ಅವ್ವನ ಎಕ್ಸ್‌ರೇ ಜೊತೆಗೆ ನನ್ನದು

ಭಾನುವಾರ ಸಾಗರದ ಗಣಪತಿ ಕೆರೆಯ ದಂಡೆಯ ಮೇಲೆ ಊರುಗೋಲಿಲ್ಲದೆ ನಡೆದೆ. ತಮ್ಮ ಕೈ ಚಾಚಿಕೊಂಡೇ ಹಿಂದೆ ಬರುತ್ತಿದ್ದ. ಹಿಡಿಯುವ ಪ್ರಸಂಗ ಬರಲಿಲ್ಲ. ಅವ್ವನಿಗಿದ್ದ ಹಂದಿಗೋಡು ಕಾಯಿಲೆ, ಅಂದರೆ ಮೂಳೆ ಕೀಲುಗಳು ಸವೆದು ನಡೆಯಲಾಗದಂತೆ ಮಾಡುವ ರೋಗ, ನನಗೂ ಇದೆ. ಅದರಿಂದ ಹಾಳಾದ ಎರಡೂ ಸೊಂಟದ ಕೀಲು ಬದಲಿಸಿದ ಕಥೆ ನಿಮ್ಮಲ್ಲಿ ಹಲವರಿಗೆ ಗೊತ್ತಿರುವುದೇ, ಮತ್ತೆ ಹೇಳುವುದಿಲ್ಲ.

ರಕ್ತ ಕೊಟ್ಟ ಗೆಳೆಯರು, ನೆರವಿನ ಅರ್ಜಿ ಕಚೇರಿಯಿಂದ ಮೂರು ಸಲ ವಾಪಸ್ಸು ಬಂದರೂ ನಾಲ್ಕನೆಯ ಸಲ ಬರೆದುಕೊಟ್ಟ ಮೇಷ್ಟ್ರು, ವ್ಯಾಯಾಮ ಕಲಿಸಿದ ಫಿಸಿಯೋಥೆರಪಿಯವರು, ತಿಂಗಳುಗಟ್ಟಲೆ ಗಂಜಿ ತಂದುಕೊಟ್ಟ ಚಿಕ್ಕಮ್ಮ, ಎಲ್ಲರಿಗೂ ಕೈಮುಗಿಯುತ್ತೇನೆ.

ನಮ್ಮೂರಿನ ಆಶಾ ಕಾರ್ಯಕರ್ತೆ ಅಕ್ಕನ ವಿಷಯ ಮಾತ್ರ ಒಂದು ಸಾಲಿನಲ್ಲಿ ಮುಗಿಯುವುದಿಲ್ಲ. ಹೆಸರು ಹಾಕಬೇಡ ಎಂದಿದ್ದಾರೆ, ಹಾಕುವುದಿಲ್ಲ. ಎರಡನೆಯ ಶಸ್ತ್ರಚಿಕಿತ್ಸೆಯಾದ ಮಾರನೆಯ ರಾತ್ರಿ ತಮ್ಮನಿಗೆ ಜ್ವರ, ನನ್ನ ಬಳಿ ಯಾರೂ ಇರಲಿಲ್ಲ. ಅಕ್ಕ ತಮ್ಮ ಪಾಳಿಯ ಕೆಲಸವನ್ನು ಇನ್ನೊಬ್ಬರಿಗೆ ಒಪ್ಪಿಸಿ ಕೊನೆಯ ಬಸ್ಸಿಗೆ ಬಂದರು. ಮಂಚದ ಪಕ್ಕ ಪೇಪರ್ ಹಾಸಿಕೊಂಡು ಕುಳಿತವರು ಬೆಳಗಿನವರೆಗೂ ಮಲಗಲಿಲ್ಲ. ನೋವು ತಡೆಯಲಾಗದೆ ನಾನು ಒದರುವಾಗಲೆಲ್ಲ ನನ್ನ ಅಂಗೈ ಉಜ್ಜುತ್ತ, ಊರಿನ ಒಂದೊಂದೇ ಮನೆಯ ಸುದ್ದಿ ಹೇಳುತ್ತ ಹೋದರು. ಯಾರ ಮಗುವಿನ ತೂಕ ಏರಿತು, ಯಾರ ಹಸು ಈಯಿತು. ಮೂರು ಗಂಟೆಯ ಹೊತ್ತಿಗೆ ನಾನು, "ಅವ್ವ ನನ್ನನ್ನು ಯಾಕೆ ಹೆತ್ತಳು? ಅವಳಿಗೆ ಗೊತ್ತಿರಲಿಲ್ಲವೇ?" ಎಂದುಬಿಟ್ಟೆ. ಬರೆಯುವಾಗ ಈಗಲೂ ಕೈ ನಡುಗುತ್ತದೆ. ಅಕ್ಕ ಸಿಟ್ಟಾಗಲಿಲ್ಲ. "ಗೊತ್ತಿರಲಿಲ್ಲ ತಂಗಿ. ಗೊತ್ತಿದ್ದರೂ ಹೆರುತ್ತಿದ್ದಳು. ತೆವಳಿಕೊಂಡು ಹೋಗಿ ಅಡಿಕೆ ಸುಲಿದು ನಿನಗೆ ಸ್ಲೇಟು ತಂದವಳು ಅವಳು" ಎಂದರು. ಆಮೇಲೆ ನಾನು ಅತ್ತೆ. ಅದು ನೋವಿನ ಅಳುವಾಗಿರಲಿಲ್ಲ.

ಮುಖ ನೋಡದವರ ಋಣವೂ ಒಂದಿದೆ. 1974-75ರ ಸುಮಾರಿಗೆ ನಮ್ಮ ತಾಲ್ಲೂಕಿನ ಹಂದಿಗೋಡಿನಲ್ಲಿ ಈ ಕಾಯಿಲೆ ಹೊರಗಿನವರ ಕಣ್ಣಿಗೆ ಬಿದ್ದಾಗ ಅದು 'ನಿಗೂಢ ಕಾಯಿಲೆ'. ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದದ್ದೇ ಕಾರಣ ಎಂಬ ಅನುಮಾನ ಹಬ್ಬಿತು. ಅವ್ವ ಅದನ್ನು ನಂಬಿದ್ದಳು. ಬಸುರಿಯಲ್ಲಿ ಕುಡಿದ ಏಡಿ ಸಾರಿನಿಂದಲೇ ಮಗಳ ಸೊಂಟ ಹೋಯಿತೆಂದು ಕೊರಗಿದಳು. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯವರು, ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ತಂಡಗಳವರು ಕೇರಿ ಕೇರಿ ಸುತ್ತಿ, ಎಕ್ಸ್‌ರೇ ತೆಗೆದು, ವಂಶಾವಳಿ ಕಲೆಹಾಕಿದ್ದರಿಂದ ಇದು ವಂಶಪಾರಂಪರ್ಯವಾಗಿ ಬರುವಂಥದ್ದು, ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ ಎಂದು ತಿಳಿಯಿತು. ಅದನ್ನು ಅವ್ವನಿಗೆ ಅರ್ಥವಾಗುವಂತೆ ಹೇಳಿದ್ದೂ ಈ ಅಕ್ಕನೇ. "ಹಾಗಾದರೆ ಏಡಿ ಅಲ್ಲವೇ?" ಎಂದು ಅವ್ವ ಎರಡು ಸಲ ಕೇಳಿದಳು. ಅಷ್ಟು ವರ್ಷ ಹೊತ್ತ ಅಪರಾಧ ಅವಳ ತಲೆಯಿಂದ ಇಳಿದದ್ದನ್ನು ನಾನು ಕಣ್ಣಾರೆ ಕಂಡೆ. ಅವಳು ತೀರಿಕೊಂಡದ್ದು ಅದಾದ ಎರಡು ವರ್ಷಕ್ಕೆ. ಸರಕಾರ ಆ ಸಂಶೋಧನೆಗೆ ಹಾಕಿದ ದುಡ್ಡು ನಮ್ಮ ಮನೆಯ ಮಟ್ಟಿಗೆ ಅವತ್ತೇ ಸಾರ್ಥಕವಾಯಿತು.

2021ರಲ್ಲಿ ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ ಬಂತು, ಮರುವರ್ಷ ಚಿಕಿತ್ಸೆಯ ನೆರವು 50 ಲಕ್ಷ ರೂಪಾಯಿಯವರೆಗೆ ಏರಿತು. ಎಷ್ಟೋ ಮಕ್ಕಳ ಜೀವ ಉಳಿಸುವ ಹಣ ಅದು. ನಮಗೆ ಕೊಡಲು ಔಷಧವೇ ಇಲ್ಲ. ನೋವಿನ ಮಾತ್ರೆ, ಕೊನೆಗೆ ಕೀಲು ಬದಲಾವಣೆ, ಅಷ್ಟೇ. ಶಿವಮೊಗ್ಗ, ಚಿಕ್ಕಮಗಳೂರಿನ ಕೂಲಿಕಾರರ ಕೇರಿಗಳಿಗಾಗಿ ಯಾವ ಕಂಪನಿ ಔಷಧ ಹುಡುಕಲು ಹೊರಡುತ್ತದೆ? ಸರಕಾರವೇ ಹುಡುಕಿಸಬೇಕು, ಅದೂ ಒಂದು ಸಲ ಬಂದು ಹೋಗುವ ತಂಡದಿಂದಲ್ಲ, ವರ್ಷ ವರ್ಷವೂ ಹಣವಿಟ್ಟು.

ಅವ್ವನ ಎಕ್ಸ್‌ರೇ ಇಷ್ಟು ದಿನ ಟ್ರಂಕಿನ ತಳದಲ್ಲಿತ್ತು. ನಿನ್ನೆ ಅದನ್ನು ಒರೆಸಿ, ನನ್ನದರ ಜೊತೆ ಒಂದೇ ಲಕೋಟೆಯಲ್ಲಿಟ್ಟು ಅಕ್ಕನ ಕೈಗೆ ಕೊಟ್ಟಿದ್ದೇನೆ. ಹೊಸ ತಂಡ ಬಂದರೆ ಮೊದಲು ಕರೆದುಕೊಂಡು ಬರುವುದು ನಮ್ಮ ಮನೆಗೇ ಎಂದು ಅಕ್ಕ ಒಪ್ಪಿದ್ದಾರೆ. ರಕ್ತ ಎಷ್ಟು ಬೇಕಾದರೂ ತೆಗೆದುಕೊಳ್ಳಲಿ.