ಗುಳ್ಳದ ಗಿಡಕ್ಕೆ ಹೊಡೆದ ಮದ್ದು

ಚಿ. ಸೌ. ಸುಮಳಿಗೆ ಮಟ್ಟುವಿನಿಂದ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ನಿನ್ನ ಕಾಗದವನ್ನು ಮೂರು ಬಾರಿ ಓದಿದೆ. ನಾನು ಕಳುಹಿಸಿದ ಬೀಜದಿಂದ ಬೆಂಗಳೂರಿನ ತಾರಸಿಯ ಕುಂಡಗಳಲ್ಲಿ ನಮ್ಮೂರ ಗುಳ್ಳ ಬದನೆ ಬಂದಿದೆ ಎಂದು ಓದಿ ಹಿಗ್ಗಿದವನಿಗೆ ಮುಂದಿನ ಸಾಲಿನಲ್ಲಿ ಕೈಕಾಲು ತಣ್ಣಗಾಯಿತು. ಕುಡಿ ಬಾಡುತ್ತಿದೆಯೆಂದು ಅಂಗಡಿಯವರು ಕೊಟ್ಟ ಮದ್ದನ್ನು ನಾಲ್ಕು ದಿನಕ್ಕೊಮ್ಮೆ ಹೊಡೆಯುತ್ತಿದ್ದೀಯೆ; ಪಕ್ಕದ ಕುಂಡದ ಟೊಮೆಟೊವನ್ನು ಪುಟ್ಟಿ ತಾನೇ ಕಿತ್ತು ತಿನ್ನುತ್ತಾಳೆ. ಎರಡನ್ನೂ ಒಂದೇ ಉಸಿರಿನಲ್ಲಿ ಬರೆದಿದ್ದೀಯೆ.

ಬಾಡಿದ ಕುಡಿಯೊಂದನ್ನು ಕತ್ತರಿಸಿ ಉಗುರಿನಿಂದ ಉದ್ದಕ್ಕೆ ಸೀಳಿ ನೋಡು. ದಂಟಿನೊಳಗೆ ಹಿಕ್ಕೆಯ ನಡುವೆ ತಿಳಿಗುಲಾಬಿ ಬಣ್ಣದ ಸಣ್ಣ ಹುಳು ಕಂಡರೆ ಅದು ಕುಡಿ ಮತ್ತು ಕಾಯಿ ಕೊರಕ. ಅದು ಒಳಗೆ ಹೊಕ್ಕ ಮೇಲೆ ಹೊರಗಿನಿಂದ ಹೊಡೆದ ಮದ್ದು ಅದಕ್ಕೆ ಸರಿಯಾಗಿ ತಾಗುವುದಿಲ್ಲ, ಪಕ್ಕದ ಟೊಮೆಟೊಗೆ ಮಾತ್ರ ತಾಗುತ್ತದೆ. ಬಾಡಿದ ಭಾಗಕ್ಕಿಂತ ಒಂದು ಅಂಗುಲ ಕೆಳಗೆ ಕುಡಿಯನ್ನು ಕತ್ತರಿಸಿ, ತೂತಾದ ಕಾಯಿಗಳನ್ನೂ ಕಿತ್ತು, ಎಲ್ಲವನ್ನೂ ಸುಟ್ಟುಬಿಟ್ಟರೆ ನಿನ್ನ ನಾಲ್ಕು ಕುಂಡಗಳ ಮಟ್ಟಿಗೆ ಅಷ್ಟೇ ಸಾಕಾದೀತು. ಇಷ್ಟನ್ನು ಬೀಜದ ಪೊಟ್ಟಣದ ಜೊತೆಗೇ ಬರೆದು ಕಳುಹಿಸಬೇಕಿತ್ತು, ನಾನು ಬರೆಯಲಿಲ್ಲ.

ಟೊಮೆಟೊವನ್ನು ತೊಳೆದೇ ಕೊಡುತ್ತೇನೆ ಎಂದು ನೀನು ಹೇಳಬಹುದು. ಆದರೆ ಗಿಡದ ರಸದೊಳಗೆ ಸೇರುವ ಮದ್ದುಗಳಿವೆ, ಅವು ತೊಳೆದರೆ ಹೋಗುವುದಿಲ್ಲ. ಬಾಟಲಿಯ ಮೇಲಿನ ವಜ್ರಾಕಾರದ ಗುರುತಿನಲ್ಲಿ ಕೆಳಗಿನ ತ್ರಿಕೋನ ಯಾವ ಬಣ್ಣದ್ದೆಂದು ನೋಡಿದ್ದೀಯಾ? ಕೆಂಪು ಅತಿ ಘೋರ ವಿಷ, ನಂತರದ್ದು ಹಳದಿ, ಆಮೇಲೆ ನೀಲಿ, ಕೊನೆಯದು ಹಸಿರು. ಹೊಡೆದ ಮೇಲೆ ಎಷ್ಟು ದಿನ ಕಾಯಿ ಕೊಯ್ಯಬಾರದು ಎಂಬುದೂ ಚೀಟಿಯಲ್ಲಿರುತ್ತದೆ. ನಾಲ್ಕು ದಿನಕ್ಕೊಮ್ಮೆ ಹೊಡೆಯುವವಳಿಗೆ ಆ ದಿನಗಳು ಮುಗಿಯುವುದಾದರೂ ಯಾವಾಗ?

ನಿನ್ನ ಅಪ್ಪ ಆ ಸಂಜೆ ಗದ್ದೆಯ ಹುಣಿಯ ಮೇಲೆ ಕುಸಿದು ಕುಳಿತದ್ದನ್ನು ನೀನು ಎಷ್ಟೋ ಸಲ ಕೇಳಿದ್ದೀಯೆ, ಮತ್ತೆ ಹೇಳುವುದಿಲ್ಲ. ಆದರೆ ಮದ್ದು ಕಲಸಿದವನು ನಾನು. ಹುಳು ಬೇಗ ಸಾಯಲಿ ಎಂಬ ಆತುರದಲ್ಲಿ ಚೀಟಿಯಲ್ಲಿದ್ದುದಕ್ಕಿಂತ ಎರಡು ಮುಚ್ಚಳ ಹೆಚ್ಚು ಸುರಿದು, ಬರಿಗೈಯಲ್ಲಿ ಕಲಸಿ, ಅವನ ಬೆನ್ನಿಗೆ ಪಂಪು ಏರಿಸಿದೆ. ಇದನ್ನು ಅವನಿಗೆ ಇಂದಿಗೂ ಹೇಳಿಲ್ಲ. ಮೂರನೆಯ ದಿನ ಅದೇ ಗದ್ದೆಯ ಗುಳ್ಳವನ್ನು ಕೊಯ್ದು ಸಂತೆಗೆ ಕಳುಹಿಸಿದೆ. ಸೋದೆ ಮಠದ ಯತಿ ವಾದಿರಾಜರು ಕೊಟ್ಟ ಬೀಜವೆಂದು ನಂಬಿ ನಾವು ಬೆಳೆಯುವ ಕಾಯಿ ಅದು. 2011ರಲ್ಲಿ ಮಟ್ಟುಗುಳ್ಳಕ್ಕೆ, ಇದು ಈ ಊರಿನದೇ ಬೆಳೆ ಎಂದು ಗುರುತಿಸುವ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನನಗೆ ನೆನಪಾದದ್ದು ಆ ಬುಟ್ಟಿಯೇ. ಅದರಲ್ಲಿದ್ದ ಕಾಯಿಗಳನ್ನು ಯಾರ ಮನೆಯ ಮಕ್ಕಳು ಉಂಡರೋ ನನಗೆ ತಿಳಿಯದು.

ಮುಂದೆಂದಾದರೂ ಎಲೆ ಹಸಿರಿರುವಾಗಲೇ ಇಡೀ ಗಿಡ ಜೋತುಬಿದ್ದರೆ ಅದು ಬೇರೆ, ಸೊರಗು ರೋಗವಿದ್ದೀತು. ದಂಟಿನ ತುಂಡನ್ನು ಗಾಜಿನ ಲೋಟದ ನೀರಿನಲ್ಲಿ ಇಳಿಬಿಟ್ಟಾಗ ಹಾಲಿನಂಥ ಎಳೆ ಇಳಿದರೆ ಗಿಡವನ್ನು ಮಣ್ಣಿನ ಸಮೇತ ತೆಗೆದುಬಿಡು. ಅದಕ್ಕೂ ಮದ್ದು ಹುಡುಕಿಕೊಂಡು ಅಂಗಡಿಗೆ ಹೋಗಬೇಡ. ಏನಾದರೂ ಹೊಡೆಯಲೇಬೇಕೆಂದು ಮನಸ್ಸಾದರೆ ಬೇವಿನ ಬೀಜದ ತಿರುಳಿನ ಪುಡಿ 50 ಗ್ರಾಂ ತೆಗೆದುಕೊಂಡು, ಒಂದು ಲೀಟರ್ ನೀರಿನಲ್ಲಿ ರಾತ್ರಿ ನೆನೆಸಿ ಸೋಸಿ, ಚೂರು ಸಾಬೂನು ಕದಡಿ ಸಂಜೆ ಹೊಡೆ. ಅದರಿಂದ ಹುಳು ಪೂರ್ತಿ ಹೋಗುತ್ತದೆಂದು ನಾನು ಮಾತು ಕೊಡಲಾರೆ. ಅರ್ಧ ಗುಳ್ಳ ಹುಳುವಿಗೆ ಹೋದರೂ ಚಿಂತೆಯಿಲ್ಲ, ಬೀಜ ನನ್ನಲ್ಲಿ ಬೇಕಾದಷ್ಟಿದೆ.

ಈಗ ಗಿಡದಲ್ಲಿರುವ ಟೊಮೆಟೊಗಳನ್ನು, ಹಣ್ಣಾಗಿರಲಿ ಕಾಯಿಯಾಗಿರಲಿ, ಪುಟ್ಟಿ ಎದ್ದೇಳುವ ಮೊದಲೇ ಎಲ್ಲವನ್ನೂ ಕಿತ್ತು ಹೂತುಬಿಡು. ಬಾಟಲಿ ಅವಳ ಕೈಗೆಟುಕದ ಕಡೆ ಇರಲಿ. ಈ ಕಾಗದ ತಲುಪಿದ ದಿನವೇ ಫೋನ್ ಮಾಡಿ, ಕಿತ್ತಾಯಿತು ಎಂಬ ಒಂದು ಮಾತು ಹೇಳು.

ಇಂತಿ,
ನಿನ್ನ ದೊಡ್ಡಪ್ಪ