ಕಮಾನು ಬೇಡ ಮಾರಾಯ, ಬೀಗದ ಕೈ ವಿಷಯ ಮಾತಾಡೋಣ

ಪ್ರೀತಿಯ ಗೆಳೆಯಾ,

ನಮ್ಮ ಹಳೆ ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿನಲ್ಲಿ ನೀವೆಲ್ಲ ಮಾತಾಡಿಕೊಂಡದ್ದನ್ನು ಓದಿದೆ. ನಮ್ಮೂರಿನ ಸರ್ಕಾರಿ ಶಾಲೆಯ ಗೇಟಿಗೆ ಒಂದು ಕಮಾನು, ಗೋಡೆಗೆ ರೈಲು ಡಬ್ಬಿಯ ಚಿತ್ರ, ಪಕ್ಕದಲ್ಲಿ ದಾನಿಗಳ ಹೆಸರಿನ ಗ್ರಾನೈಟ್ ಕಲ್ಲು. ಅರ್ಧ ದುಡ್ಡು ಆಗಲೇ ಒಟ್ಟಾಗಿದೆಯಂತೆ. ಅಲ್ಲೇ ಉತ್ತರ ಬರೆದರೆ ಸುಮ್ನೆ ಜಗಳ ಆಗುತ್ತದೆ ಅಂತ ಬಿಟ್ಟೆ. ಆದರೆ ನಮ್ಮಂಥದೇ ಶಾಲೆ ಇರುವ ಊರಿನವರು ಬೇಕಾದಷ್ಟು ಜನ ಇದ್ದಾರಲ್ಲ, ಅವರೂ ಓದಲಿ ಅಂತ ನಿನಗೆ ಬರೆದ ಪತ್ರವನ್ನು ಎಲ್ಲರ ಮುಂದೆಯೇ ಇಡುತ್ತಿದ್ದೇನೆ. ಬೇಜಾರು ಮಾಡಿಕೊಳ್ಳಬೇಡ.

ನಾವು ಓದುವಾಗ ಆ ಶಾಲೆಗೆ ಗೇಟೇ ಇರಲಿಲ್ಲ, ನೆನಪಿದೆಯಾ? ದನ ಬರುತ್ತಿದ್ದವು. ಸಂಜೆ ಹಿರಿಯರು ಜಗಲಿಯಲ್ಲಿ ಕೂತು ಪೇಪರ್ ಓದುತ್ತಿದ್ದರು, ವಾಲಿಬಾಲ್ ಆಡುವವರು ಕತ್ತಲಾಗುವ ತನಕ ಆಡುತ್ತಿದ್ದರು, ಯಾರ ಮನೆಯಲ್ಲಾದರೂ ಮದುವೆ ಅಂದರೆ ನೆಂಟರಿಗೆ ಮಲಗಲು ಶಾಲೆಯೇ ಆಗುತ್ತಿತ್ತು. ಆಮೇಲೆ ಕಾಂಪೌಂಡ್ ಬಂತು. ಗೇಟು ಬಂತು, ಗೇಟಿಗೊಂದು ಬೀಗ. ಸಂಜೆ ನಾಲ್ಕೂವರೆಗೆ ಬೀಗ ಬಿದ್ದರೆ ಅದರ ಕೈ ಹೆಡ್‌ಮೇಷ್ಟ್ರ ಚೀಲದಲ್ಲಿ ಬಸ್ಸು ಹತ್ತಿ ಪೇಟೆಗೆ ಹೋಗುತ್ತಿತ್ತು. ಊರಿನ ದೊಡ್ಡವರೆಲ್ಲ ಒಟ್ಟಿಗೆ ಒಳಗೆ ಕಾಲಿಡುತ್ತಿದ್ದದ್ದು ಓಟಿನ ದಿನ ಮಾತ್ರ.

ಇದರಲ್ಲಿ ಮೇಷ್ಟ್ರದ್ದು ತಪ್ಪೇನೂ ಇಲ್ಲ. ಒಂದು ಬೆಳಿಗ್ಗೆ ಅವರು ಬಂದಾಗ ಜಗಲಿಯಲ್ಲಿ ಬಿಯರ್ ಬಾಟಲಿ ಬಿದ್ದಿದ್ದವು, ನಲ್ಲಿ ಮುರಿದಿತ್ತು. ಒಡೆದ ಗಾಜು ಹೆಕ್ಕಿದ್ದು ಅವರು, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಉತ್ತರ ಕೊಡಬೇಕಾದದ್ದೂ ಅವರೇ. ಹಾಗಾಗಿ ಬೀಗ. ನಾನಾಗಿದ್ದರೂ ಹಾಕುತ್ತಿದ್ದೆ.

ಈಗ ನನ್ನದೇ ಒಂದು ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನೇ ಕೇಳುತ್ತೀಯ. ನನ್ನ ಮಗ ಹಳದಿ ವ್ಯಾನು ಹತ್ತಿ ಪೇಟೆಯ ಇಂಗ್ಲಿಷ್ ಮೀಡಿಯಂಗೆ ಹೋಗುತ್ತಾನೆ. ಮನೆಯಲ್ಲಿ ಈ ಬಗ್ಗೆ ಎರಡು ವರ್ಷ ಚರ್ಚೆಯಾಗಿ ನಾನು ಸೋತೆ ಅನ್ನು, ಅಥವಾ ನನಗೂ ಧೈರ್ಯ ಸಾಲಲಿಲ್ಲ ಅನ್ನು. ಎರಡೂ ನಿಜ. ಈಗ ನಮ್ಮ ಶಾಲೆಯಲ್ಲಿ ಹತ್ತೊಂಬತ್ತು ಮಕ್ಕಳು. ಅದರಲ್ಲಿ ಹನ್ನೊಂದು ಮಕ್ಕಳು ತೋಟದ ಕೆಲಸಕ್ಕೆ ಬಯಲುಸೀಮೆಯಿಂದ ಬಂದವರದ್ದು.

ಎಸ್‌ಡಿಎಂಸಿ, ಅಂದರೆ ಸರ್ಕಾರಿ ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಅಂತ ಕೇಳಿದ್ದೀಯಲ್ಲ. ಕರ್ನಾಟಕದಲ್ಲಿ 2001ರಲ್ಲೇ ಶುರುವಾದದ್ದು. ಆಮೇಲೆ 2009ರ ಶಿಕ್ಷಣ ಹಕ್ಕು ಕಾಯ್ದೆ ಬಂದು ಇಂಥ ಸಮಿತಿಯಲ್ಲಿ ಮುಕ್ಕಾಲು ಪಾಲು ಜನ ಆ ಶಾಲೆಯ ಮಕ್ಕಳ ಅಪ್ಪ ಅಮ್ಮಂದಿರೇ ಇರಬೇಕು, ಒಟ್ಟು ಸದಸ್ಯರಲ್ಲಿ ಅರ್ಧ ಹೆಂಗಸರಿರಬೇಕು ಅಂದಿತು. ಒಳ್ಳೆಯ ನಿಯಮ. ಆದರೆ ನಮ್ಮಲ್ಲಿ ಸಭೆ ಕರೆಯುತ್ತಿದ್ದದ್ದು ಬೆಳಿಗ್ಗೆ ಹನ್ನೊಂದು ಗಂಟೆಗೆ! ದಿನಗೂಲಿಯವರು ಹನ್ನೊಂದು ಗಂಟೆಗೆ ಎಲ್ಲಿರುತ್ತಾರೆ? ತೋಟದಲ್ಲಿ. ನಮ್ಮ ತೋಟದಲ್ಲಿ, ನಿಮ್ಮ ತೋಟದಲ್ಲಿ. ಹಾಗಾಗಿ ನಡಾವಳಿ ಪುಸ್ತಕ ಒಬ್ಬ ಹುಡುಗನ ಕೈಯಲ್ಲಿ ಮನೆಮನೆಗೆ ಹೋಗಿ ಸಹಿ, ಹೆಬ್ಬೆಟ್ಟು ಹಾಕಿಸಿಕೊಂಡು ವಾಪಸ್ ಬರುತ್ತಿತ್ತು. ವರ್ಷಗಟ್ಟಲೆ ನಡೆದದ್ದು ಇಷ್ಟೇ. ಊರಿನವರು, ಅಂದರೆ ನಾವು, 'ಪಾಲಕರಿಗೆ ಆಸಕ್ತಿ ಇಲ್ಲ' ಅಂತ ಹೇಳಿಕೊಂಡು ತಿರುಗಿದೆವು.

ನನ್ನ ಕಣ್ಣು ತೆರೆದದ್ದು 2020ರಲ್ಲಿ. ಕೊರೊನಾದಿಂದ ಶಾಲೆ ಮುಚ್ಚಿದ್ದಾಗ ವಿದ್ಯಾಗಮ ಅಂತ ಮಾಡಿದರಲ್ಲ, ಮೇಷ್ಟ್ರುಗಳೇ ಕೇರಿಗೆ ಬಂದು ದೇವಸ್ಥಾನದಲ್ಲೋ ಮರದಡಿಯಲ್ಲೋ ಮಕ್ಕಳನ್ನು ಕೂರಿಸಿಕೊಂಡು ಪಾಠ ಮಾಡಿದ್ದು. ವಠಾರ ಶಾಲೆ ಅಂತಲೂ ಕರೆಯುತ್ತಿದ್ದರು. ನಮ್ಮ ಕೇರಿಯಲ್ಲಿ ಅದು ನಡೆದದ್ದು ನಮ್ಮದೇ ಅಡಿಕೆ ಚಪ್ಪರದಲ್ಲಿ. ಆಚೆ ಬದಿ ಅಡಿಕೆ ಸುಲಿಯುತ್ತಾ ಕೂತ ಹೆಂಗಸರು ಈಚೆ ಬದಿಯ ನಲಿಕಲಿ ಕಾರ್ಡುಗಳನ್ನು ನೋಡುತ್ತಿದ್ದರು. ಒಬ್ಬಾಕೆ ಮಗಳ ಜೊತೆ ತಾನೂ ಅಕ್ಷರ ಹೇಳುತ್ತಿದ್ದಳು, ಕತ್ತಿಯಲ್ಲಿ ಅಡಿಕೆ ಸುಲಿಯುವ ಕೈ ನಿಲ್ಲಿಸದೆ. ಆಕೆಗೆ ಆಸಕ್ತಿ ಇಲ್ಲ ಅಂತ ಹೇಳಿದವರಲ್ಲಿ ನಾನೂ ಒಬ್ಬ, ಅಲ್ವಾ? ಕೆಲವೇ ತಿಂಗಳಲ್ಲಿ ವಿದ್ಯಾಗಮ ನಿಂತಿತು. ನನಗೆ ಮಾತ್ರ ಆ ಚಪ್ಪರ ತಲೆಯಿಂದ ಹೋಗಲಿಲ್ಲ.

ಆಮೇಲೆ ಮಾಡಿದ್ದು ದೊಡ್ಡದೇನಲ್ಲ. ಮೊದಲು ಸಭೆಯ ಹೊತ್ತನ್ನು ಬದಲಿಸಿ ಅಂತ ಕೇಳಿದೆವು. ಸಂಜೆ ಆರೂವರೆ. ಹೆಡ್‌ಮೇಷ್ಟ್ರು ತಿಂಗಳಿಗೊಂದು ದಿನ ಊರಲ್ಲೇ ಉಳಿಯಲು ಒಪ್ಪಿದರು, ಊಟ ನಮ್ಮ ಮನೆಯಲ್ಲಿ. ಮೊದಲ ಸಭೆಗೆ ಹದಿನಾಲ್ಕು ಜನ ಬಂದರು. ಶಾಲೆಗೆ ಏನು ಬೇಕು ಅಂತ ಕೇಳಿದರೆ ಸ್ಮಾರ್ಟ್ ಕ್ಲಾಸ್ ಅಂತ ಯಾರೂ ಹೇಳಲಿಲ್ಲ. 'ನಾವು ತೋಟದಿಂದ ಬರುವುದು ಆರು ಗಂಟೆಗೆ, ಅಲ್ಲಿಯ ತನಕ ಮಕ್ಕಳು ಎಲ್ಲಿರಬೇಕು?' ಅಂದರು. ಒಂದೂವರೆ ಗಂಟೆಯ ಮಾತು ನೋಡು. ಅಷ್ಟು ಹೊತ್ತು ಆ ಮಕ್ಕಳು ರಸ್ತೆ ಬದಿಯಲ್ಲಿ ಕೂತಿರುತ್ತಿದ್ದರು, ಬೀಗ ಹಾಕಿದ ಶಾಲೆಯ ಎದುರಿಗೇ.

ಗೇಟು ತೆರೆದಿಡಿ ಅನ್ನುವುದು ಸುಲಭ. ಜವಾಬ್ದಾರಿ ಯಾರದ್ದು? ಇಲ್ಲಿಗೇ ಎರಡು ಸಭೆ ಹೋಯಿತು. ಒಬ್ಬರು ತಮ್ಮ ಪಕ್ಷದ ಯುವಕರು ನೋಡಿಕೊಳ್ಳುತ್ತಾರೆ, ಒಂದು ಬ್ಯಾನರ್ ಹಾಕಲು ಬಿಡಿ ಅಂದರು. ಇನ್ನೊಬ್ಬರು, ಬಯಲುಸೀಮೆಯವರ ಕೈಗೆ ಶಾಲೆ ಕೊಡುತ್ತೀರಾ ಅಂತ ಕೇಳಿದರು, ಅವರ ಎದುರಿಗೇ. ಆ ಮಾತು ಯಾವ ಜಾತಿಯ ಮನೆಯಿಂದ ಬಂತು, ಯಾವ ಜಾತಿಯವರಿಗೆ ತಾಗಿತು ಅಂತ ನಿನಗೆ ಬಿಡಿಸಿ ಹೇಳಬೇಕಿಲ್ಲ. ಕೊನೆಗೆ ದಾರಿ ತೋರಿಸಿದ್ದು ಬಿಸಿಯೂಟದ ಅಕ್ಕ. 'ಅಡುಗೆ ಮನೆ ಕೈ ಹೆಂಗೂ ನನ್ನ ಹತ್ರ ಐತಿ, ಗೇಟಿನ ಕೈನೂ ಇರ್ಲಿ ಬಿಡ್ರಿ' ಅಂದಳು. ಆಕೆಯ ಮನೆ ಶಾಲೆಯ ಹಿಂದೆಯೇ. ಮೇಷ್ಟ್ರು ಅದನ್ನು ನಡಾವಳಿಯಲ್ಲಿ ಬರೆದರು, ಏನಾದರೂ ಹೆಚ್ಚುಕಮ್ಮಿ ಆದರೆ ಸಮಿತಿಯೇ ಹೊಣೆ ಅಂತ ಎಲ್ಲರೂ ಸಹಿ ಹಾಕಿದರು. ಬರವಣಿಗೆಯಲ್ಲಿ ಇದ್ದದ್ದಕ್ಕೇ ಮೇಷ್ಟ್ರು ಒಪ್ಪಿದ್ದು. ಅಕ್ಕನಿಗೆ ಈ ಹೆಚ್ಚಿನ ಕೆಲಸಕ್ಕೆ ಊರಿನಿಂದ ತಿಂಗಳಿಗೆ ಇಷ್ಟು ಅಂತ ಕೊಡುತ್ತೇವೆ. ಬಿಟ್ಟಿ ಸೇವೆ ಅಂತ ಅವಳ ತಲೆಗೆ ಕಟ್ಟಿದ್ದರೆ ಮೂರು ತಿಂಗಳೂ ನಡೆಯುತ್ತಿರಲಿಲ್ಲ.

ಈಗ ಸಂಜೆ ಏಳೂವರೆ ತನಕ ಗೇಟು ತೆರೆದಿರುತ್ತದೆ. 2020ರಲ್ಲಿ ಓದುವ ಬೆಳಕು ಅಂತ ಶುರುಮಾಡಿ ಪಂಚಾಯ್ತಿ ಲೈಬ್ರರಿಗಳಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರಲ್ಲ, ಆ ಲೈಬ್ರರಿ ನಮ್ಮ ಮಕ್ಕಳಿಗೆ ಐದು ಕಿಲೋಮೀಟರ್ ದೂರ. ಅಲ್ಲಿಯವರನ್ನು ಕಾಡಿಬೇಡಿ ತಿಂಗಳಿಗೊಂದು ರಟ್ಟಿನ ಡಬ್ಬಿ ತುಂಬ ಪುಸ್ತಕ ತರುತ್ತೇವೆ. ಕೆಲವು ಹರಿದಿವೆ. ಹರಿಯಲಿ. ಶಾಲೆಯ ಬೀರುವಿನಲ್ಲಿ ಹೊಸದಾಗಿಯೇ ಹಳೆಯದಾದ ಪುಸ್ತಕ ನಾವು ನೋಡಿಲ್ಲವೇ? ಮಂಗಳವಾರ ಸ್ತ್ರೀಶಕ್ತಿ ಸಂಘದವರ ಸಭೆ ಅಲ್ಲೇ. ಸೌತೆಕಾಯಿ, ತೆಂಗಿನಕಾಯಿ ಜಾಸ್ತಿ ಆದವರು ಅಡುಗೆ ಮನೆ ಬಾಗಿಲಲ್ಲಿ ಇಟ್ಟು ಹೋಗುತ್ತಾರೆ. ವಾಲಿಬಾಲ್ ನೆಟ್ ಮತ್ತೆ ಕಟ್ಟಿದ್ದೇವೆ. ನನ್ನ ಮಗನೂ ವ್ಯಾನಿಂದ ಇಳಿದವನೇ ಅಲ್ಲಿಗೆ ಓಡುತ್ತಾನೆ. ಬಾಟಲಿ ಮಾತ್ರ ಮತ್ತೆ ಕಂಡಿಲ್ಲ, ಜನ ಓಡಾಡುವ ಕಡೆ ಕುಡಿಯಲು ಕೂರುವುದು ಯಾರಿಗೂ ಹಿತವಲ್ಲ.

ಮಕ್ಕಳ ಸಂಖ್ಯೆ ಹೆಚ್ಚಾಯಿತಾ ಅಂತ ಕೇಳುತ್ತೀಯ. ಇಲ್ಲ. ಹತ್ತೊಂಬತ್ತೇ. ಕರ್ನಾಟಕ ಪಬ್ಲಿಕ್ ಶಾಲೆ ಅಂತ ದೊಡ್ಡ ಶಾಲೆ ಮಾಡಿ ನಮ್ಮಂಥ ಸಣ್ಣದನ್ನು ಅದಕ್ಕೆ ಸೇರಿಸಿಬಿಡುತ್ತಾರೋ ಅನ್ನುವ ಭಯವೂ ಹಾಗೇ ಇದೆ. ಆದರೆ ನಾಳೆ ಹಾಗೊಂದು ಕಾಗದ ಬಂದರೆ ಬಿಇಒ ಆಫೀಸಿನ ಮುಂದೆ ನಿಲ್ಲಲು ಹತ್ತೊಂಬತ್ತು ಮಕ್ಕಳ ಮನೆಯವರಷ್ಟೇ ಅಲ್ಲ, ಮಂಗಳವಾರದ ಸಂಘದವರೂ ವಾಲಿಬಾಲ್ ಹುಡುಗರೂ ಬರುತ್ತಾರೆ.

ಗುಂಪಿನಲ್ಲಿ ಯಾರೋ ಹರೇಕಳ ಹಾಜಬ್ಬರ ಫೋಟೋ ಹಾಕಿ 'ನಾವೂ ಹೀಗೆ ಕೊಡೋಣ' ಅಂದಿದ್ದರು. ಕಿತ್ತಳೆ ಮಾರಿ ತಮ್ಮೂರಿನ ಶಾಲೆಗೆ ದುಡ್ಡು ಕೂಡಿಸಿದರು, 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು, ಅಷ್ಟನ್ನೇ ಎಲ್ಲರೂ ಹೇಳುತ್ತಾರೆ. ಆ ಶಾಲೆ ಮೊದಲು ಶುರುವಾದದ್ದು ಮದರಸಾದ ಜಾಗದಲ್ಲಿ, ಇಪ್ಪತ್ತೆಂಟು ಮಕ್ಕಳಿಂದ. ಅದನ್ನು ಬೆಳೆಸಲು ಅವರು ಆಫೀಸಿನಿಂದ ಆಫೀಸಿಗೆ ಎಷ್ಟು ಅಲೆದಿದ್ದಾರೆ ಗೊತ್ತಾ? ಬುಟ್ಟಿಯಲ್ಲಿದ್ದ ದುಡ್ಡಿಗಿಂತ ಆ ಅಲೆದಾಟವೇ ಜಾಸ್ತಿ ಅಂತ ನನಗೆ ಅನಿಸುತ್ತದೆ. ದುಡ್ಡನ್ನು ಫೋನಲ್ಲೇ ಕಳಿಸಬಹುದು, ಅಲೆಯಲು ಊರಲ್ಲಿ ಇರಬೇಕು.

ಹಾಗಂತ ನಿಮ್ಮ ದುಡ್ಡು ಬೇಡ ಅನ್ನುತ್ತಿಲ್ಲ, ಅಷ್ಟು ಸ್ವಾಭಿಮಾನ ನನಗಿಲ್ಲ. ಕಮಾನಿನ ಬದಲು ಹೊರಗಿನಿಂದ ಬಾಗಿಲು ತೆಗೆಯುವ ಒಂದು ಟಾಯ್ಲೆಟ್ ಬೇಕು. ಸಂಜೆ ಬರುವ ಹೆಂಗಸರಿಗೆ ಈಗ ಅದಿಲ್ಲ. ದೊಡ್ಡ ಕೋಣೆಯ ವೈರಿಂಗ್ ನಮ್ಮ ಕಾಲದ್ದು, ಮಳೆಗಾಲದಲ್ಲಿ ಸ್ವಿಚ್ ಮುಟ್ಟಲು ಹೆದರಿಕೆ. ನೀನು ಎಲೆಕ್ಟ್ರಿಕಲ್ ಇಂಜಿನಿಯರ್ ಅಲ್ವಾ? ಮೇ ತಿಂಗಳಲ್ಲಿ ರಜೆಗೆ ಬಂದಾಗ ಮಕ್ಕಳಿಗೆ ಸಾಧನೆಯ ಭಾಷಣ ಮಾಡಬೇಡ, ದಯವಿಟ್ಟು. ಏಣಿ ಹತ್ತಿ ಆ ವೈರು ನೋಡು. ಗ್ರಾನೈಟ್ ಕಲ್ಲು ಬೇಕೇ ಬೇಕು ಅಂತ ಗುಂಪಿನವರು ಹಟ ಹಿಡಿದರೆ ತರಲಿ, ಬಟ್ಟೆ ಒಗೆಯುವ ಕಟ್ಟೆಗೆ ಹಾಕಿಸಿಕೊಳ್ಳುತ್ತೇವೆ.

ಬಂದ ದಿನ ನಾನು ತೋಟದಲ್ಲಿದ್ದರೂ ಇದ್ದೆ. ಕಾಯಬೇಡ. ಬೀಗದ ಕೈ ಅಕ್ಕನ ಮನೆ ಬಾಗಿಲ ಹಿಂದಿನ ಮೊಳೆಯಲ್ಲಿ ಇರುತ್ತದೆ, ಕೇಳಿ ಇಸ್ಕೋ.

ನಿನ್ನ ಹಿಂದಿನ ಬೆಂಚಿನ ಗೆಳೆಯ