ಟೊಮೆಟೊ ಸಸಿ ಆಳಕ್ಕಿಳಿಯಲಿ, ಎರೆ ನೆಲದಲ್ಲಿ ಓರೆಯಾಗಿ ಮಲಗಲಿ

ಮಾನ್ಯ ಸಂಪಾದಕರೇ,

ಒಂದು ಹದ ಮಳೆ ಬಿದ್ದರೆ ಸಾಕು, ದಾವಣಗೆರೆ, ಚಿತ್ರದುರ್ಗದ ಕಡೆ ಹಿತ್ತಲುಗಳಲ್ಲಿ ಟೊಮೆಟೊ ಸಸಿ ನೆಡುವ ಕೆಲಸ ಶುರುವಾಗುತ್ತದೆ. ಬದನೆ, ಮೆಣಸಿನ ಸಸಿಯಂತೆ ಇದನ್ನೂ ಟ್ರೇಯಲ್ಲಿದ್ದಷ್ಟೇ ಆಳಕ್ಕೆ ನೆಡುವವರು ಬಹಳ ಮಂದಿ. ಅವೆರಡಕ್ಕೆ ಅದು ಸರಿ, ಟೊಮೆಟೊಗೆ ಸಾಲದು. ಟೊಮೆಟೊ ಕಾಂಡದ ಗುಣವೇ ಬೇರೆ. ಮಣ್ಣಿನಡಿ ಸೇರಿದ ಉದ್ದಕ್ಕೂ ಹೊಸ ಬೇರು ಒಡೆಯುತ್ತದೆ. ಬಲಿತ ಗಿಡದ ಬುಡದಲ್ಲಿ ಎಳ್ಳಿನಷ್ಟು ಬಿಳಿ ಗುಳ್ಳೆಗಳು ಕಾಣುತ್ತವಲ್ಲ, ಅವು ರೋಗವಲ್ಲ, ಹೊರಡಲು ಕಾದಿರುವ ಬೇರುಗಳು.

25ರಿಂದ 30 ದಿನದ, ಗೇಣುದ್ದದ ಸಸಿಯಾದರೆ ಅರ್ಧಕ್ಕಿಂತ ತುಸು ಹೆಚ್ಚೇ ಮಣ್ಣೊಳಗಿರಲಿ. ಹೂಳುವ ಭಾಗದ ಎಲೆಗಳನ್ನು ಹಿಂದಿನ ದಿನವೇ ಚಿವುಟಿದರೆ ಗಾಯ ಒಣಗುತ್ತದೆ. ತುದಿಯಲ್ಲಿ ನಾಲ್ಕೈದು ಎಲೆ ಉಳಿದರೆ ಸಾಕು, ಆದರೆ ಅವು ನೆಲಕ್ಕೆ ತಾಗಬಾರದು. ನೀರು ಬಿದ್ದಾಗ ಸಿಡಿಯುವ ಮಣ್ಣಿನಿಂದ ಅಂಗಮಾರಿ ರೋಗ ಹತ್ತುತ್ತದೆ. ಬೇರಿಗಂಟಿದ ತೆಂಗಿನ ನಾರಿನ ಪುಡಿಯೂ ಹೊರಗೆ ಕಾಣಬಾರದು. ಕಂಡರೆ ಅದು ದೀಪದ ಬತ್ತಿಯಂತೆ ತೇವ ಹೀರಿ ಗಾಳಿಗೆ ಬಿಡುತ್ತದೆ. ಸುತ್ತಲ ಮಣ್ಣು ಒದ್ದೆಯಿದ್ದರೂ ಸಸಿ ಬಾಡುತ್ತದೆ. ಸಂಜೆ ನೆಟ್ಟು ಗಿಡಕ್ಕೊಂದು ಚೊಂಬು ನೀರು ಹಾಕಿ.

ಎಷ್ಟು ಆಳ ಎಂಬುದನ್ನು ಕೊನೆಗೆ ಹೇಳುವುದು ಮಣ್ಣೇ. ಕೆಂಪು ಮಸಾರಿಯಲ್ಲಿ ನೆಟ್ಟಗೆ ಐದಾರು ಇಂಚು ಇಳಿಸಬಹುದು, ನೀರು ಬಸಿದುಹೋಗುತ್ತದೆ. ಕಪ್ಪು ಎರೆ ನೆಲದಲ್ಲಿ ಅದೇ ಗುಣಿ ಮಳೆ ನೀರು ಹಿಡಿದು ನಿಲ್ಲುತ್ತದೆ, ಗಾಳಿಯಾಡದೆ ಕಾಂಡ ಕೊಳೆಯುತ್ತದೆ. ಆಗ ‘ಸಸಿಯೇ ಸರಿಯಿಲ್ಲ’ ಎಂದು ನರ್ಸರಿಯವರನ್ನು ಬೈಯುವುದುಂಟು! ಎರೆಯಲ್ಲಿ ಅರ್ಧ ಅಡಿ ಎತ್ತರದ ಮಡಿ ಮಾಡಿ, ಅದರ ಮೇಲೆ ಎರಡು-ಮೂರು ಇಂಚು ಆಳದ ಸಣ್ಣ ಸಾಲು ತೆಗೆದು, ಸಸಿಯನ್ನು ಓರೆಯಾಗಿ ಮಲಗಿಸಿ ಮಣ್ಣೆಳೆಯಿರಿ. ತುದಿಯನ್ನು ಬಗ್ಗಿಸಿ ನಿಲ್ಲಿಸಲು ಹೋಗಬೇಡಿ, ನೀರುಂಡ ಕಾಂಡ ಪಟ್ಟನೆ ಮುರಿಯುತ್ತದೆ. ಒಂದೆರಡು ದಿನದಲ್ಲಿ ಅದು ತಾನೇ ಬೆಳಕಿನತ್ತ ಏಳುತ್ತದೆ. ಉದ್ದಕ್ಕೆ ಸೊರಗಿ ಬೆಳೆದ ಸಸಿಗೆ ಯಾವ ಮಣ್ಣಿನಲ್ಲೂ ಇದೇ ಕ್ರಮ ಒಳ್ಳೆಯದು. ಊರುಗೋಲನ್ನು ಅಂದೇ ನೆಡಿ. ತಡಮಾಡಿ ಚುಚ್ಚಿದರೆ ಹೂತ ಕಾಂಡಕ್ಕೇ ಇರಿದಂತೆ.

ಕಸಿ ಸಸಿಗೆ, ಅಂದರೆ ರೋಗ ತಡೆಯುವ ಬೇರೊಂದು ಗಿಡದ ಬುಡಕ್ಕೆ ಟೊಮೆಟೊ ತುದಿ ಕೂಡಿಸಿದ ಸಸಿಗೆ, ಮಾತ್ರ ಹೀಗೆ ಕಾಂಡ ಹೂಳುವುದು ಸಲ್ಲದು. ಕಸಿಯ ಗಂಟು ನೆಲದಿಂದ ಒಂದೆರಡು ಇಂಚು ಮೇಲಿರಲೇಬೇಕು. ಹೂತರೆ ಮೇಲಿನ ಟೊಮೆಟೊ ತನ್ನದೇ ಬೇರು ಬಿಡುತ್ತದೆ. ಮಣ್ಣಿನ ಸೊರಗು ರೋಗ ಆ ಬೇರಿನಿಂದಲೇ ಒಳಹೋಗುತ್ತದೆ. ರೋಗ ತಡೆಯುವ ಬುಡಕ್ಕೆ ಕೊಟ್ಟ ದುಡ್ಡು ದಂಡ. ಕೊಳ್ಳುವವರಿಗೆ ಇದನ್ನು ತಿಳಿಸುವವರಿಲ್ಲ. ಕಸಿ ಸಸಿ ಮಾರುವ ನರ್ಸರಿಯವರು ಪ್ರತಿ ಟ್ರೇಗೂ ‘ಗಂಟು ಹೂಳಬೇಡಿ’ ಎಂದು ಕನ್ನಡದಲ್ಲಿ ಚೀಟಿ ಅಂಟಿಸಲಿ.

– ಕೈತೋಟ ಬೆಳೆಗಾರರು, ದಾವಣಗೆರೆ